ಹೊಟ್ಟೆಯದೂ ಮುಖದ್ದೂ ಒಂದೇ ಕಾಯಿಲೆ

ನನಗೆ ಬಂದಿರುವ ಕಾಯಿಲೆಗೆ ನ್ಯೂರೋಎಂಡೋಕ್ರೈನ್ ಟ್ಯೂಮರ್ ಅನ್ನುತ್ತಾರೆ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವುದಕ್ಕೆ ಸ್ವಲ್ಪ ಮೊದಲು ಒಂದು ಗಡ್ಡೆ ಹುಟ್ಟಿತ್ತು. ಎರಡು ಸೆಂಟಿಮೀಟರೂ ಇರಲಿಲ್ಲ. ಅದು ಪಕ್ಕದ ದುಗ್ಧಗ್ರಂಥಿಗೆ ಹೋಗಿ, ಅಲ್ಲಿಂದ ಮುಂದೆ ಲಿವರಿಗೂ ಹರಡಿ ಕೂರುವವರೆಗೆ ಯಾವ ಡಾಕ್ಟರ ಕಣ್ಣಿಗೂ ಬೀಳಲಿಲ್ಲ. ಕಾಯಿಲೆಗೆ ಹೆಸರು ಸಿಗುವ ಹೊತ್ತಿಗೆ ನಾನು ಐದಾರು ವರ್ಷ ನರಳಿದ್ದೆ. ಈ ಗಡ್ಡೆ ಇರುವವರಲ್ಲಿ ಇಷ್ಟು ತಡವಾಗುವುದು ಅಪರೂಪವಲ್ಲ ಎಂದು ಆಮೇಲೆ ತಿಳಿಯಿತು. ಹೇಗೆ ತಡವಾಗುತ್ತದೆ ಅನ್ನುವುದನ್ನು ನಾನು ಅನುಭವಿಸಿ ಬಲ್ಲೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹಾಸನದ ಕಡೆಯವನು, ಬಸ್ ಕಂಡಕ್ಟರ್. ಕಾಯಿಲೆ ಶುರುವಾದಾಗ ಹಾಸನ–ಮಂಗಳೂರು ರೂಟಿನಲ್ಲಿದ್ದೆ. ಮೊದಮೊದಲು ಊಟವಾದ ಒಂದು ಗಂಟೆಗೆ ಹೊಕ್ಕುಳ ಸುತ್ತ ಹಿಡಿದು ತಿರುಚಿದಂಥ ನೋವು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಬಿಡುತ್ತಿತ್ತು. ಹೊರಗಡೆ ಊಟ, ಹೊತ್ತಲ್ಲದ ಹೊತ್ತಿನ ಕಾಫಿ, ಇದೆಲ್ಲ ಇದ್ದದ್ದೇ ಅಂತ ಮನೆಯಲ್ಲೂ ಅಂದರು, ಡಿಪೋದಲ್ಲೂ ಅಂದರು. ಮುಂದಿನ ವರ್ಷ ಭೇದಿ ಶುರುವಾಯಿತು. ಬರೀ ನೀರು. ಬೆಳಿಗ್ಗೆ ಎದ್ದ ಕೂಡಲೇ ಒಂದಾದ ಮೇಲೊಂದು, ಆಮೇಲೆ ಇದ್ದಕ್ಕಿದ್ದಂತೆ ಮಧ್ಯಾಹ್ನ, ಆಮೇಲೆ ರಾತ್ರಿ ನಿದ್ದೆಯಿಂದ ಎಬ್ಬಿಸಿಕೊಂಡು.

ಭೇದಿ ಎಂಥವನಿಗೂ ಕಷ್ಟವೇ. ಬಸ್ಸಿನಲ್ಲಿ ದುಡಿಯುವವನಿಗೆ ಅದು ದಿನವೂ ನಡೆಯುವ ಮಾನಭಂಗ. ಸಕಲೇಶಪುರ ದಾಟಿ, ದೋಣಿಗಲ್, ಮಾರನಹಳ್ಳಿ ಕಳೆದರೆ ಗುಂಡ್ಯ ಬರುವವರೆಗೆ ಶಿರಾಡಿ ಘಾಟಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೆಳಗೆ ಕೆಂಪುಹೊಳೆ. ಮಳೆಗಾಲದಲ್ಲಿ ಲಾರಿ ಕೆಟ್ಟು ನಿಂತರೆ ಎಷ್ಟು ಹೊತ್ತಾದೀತು ಎಂದು ಹೇಳುವಂತಿಲ್ಲ. ತುಂಬಿದ ಬಸ್ಸಿನಲ್ಲಿ ಟಿಕೆಟ್ ಮೆಷಿನ್ನು, ಹಣದ ಬ್ಯಾಗು ಹೆಗಲಲ್ಲಿಟ್ಟುಕೊಂಡು, ಹೆಂಗಸರು ಮಕ್ಕಳ ನಡುವೆ ನಿಂತು, ಇನ್ನು ತಡೆಯಲಾರೆ ಅನ್ನಿಸಿದಾಗ ಡ್ರೈವರಿಗೆ ಹೇಳಿ ಗಾಡಿ ನಿಲ್ಲಿಸಬೇಕು. ಜೊತೆಗಿದ್ದ ಡ್ರೈವರ್ ಒಳ್ಳೆಯ ಮನುಷ್ಯ. ನಾನು ಸೀಟಿ ಊದುವ ರೀತಿಯಲ್ಲೇ ಅವನಿಗೆ ಗೊತ್ತಾಗುತ್ತಿತ್ತು. ಇಳಿದು ಹೋಗಿ ಟೈರು ನೋಡುವವನ ಹಾಗೆ ನಿಂತು, ಜನ ಕೇಳಿದರೆ "ಬ್ರೇಕ್ ಬಿಸಿಯಾಗಿದೆ, ಎರಡು ನಿಮಿಷ" ಅನ್ನುತ್ತಿದ್ದ. ಆ ಮನುಷ್ಯನ ಋಣ ನನ್ನ ಮೇಲೆ ದೊಡ್ಡದಿದೆ. ಡ್ಯೂಟಿ ಇದ್ದ ದಿನ ಊಟ ಬಿಟ್ಟೆ. ಆದರೂ ಭೇದಿ ನಿಲ್ಲಲಿಲ್ಲ. ಖಾಲಿ ಹೊಟ್ಟೆಯಲ್ಲೂ ಹೋಗುತ್ತದೆ, ನಿದ್ದೆಯಿಂದಲೂ ಎಬ್ಬಿಸುತ್ತದೆ ಅನ್ನುವ ಈ ಎರಡು ಸಂಗತಿಗಳಿಗೆ ವೈದ್ಯಶಾಸ್ತ್ರದಲ್ಲಿ ದೊಡ್ಡ ಬೆಲೆ ಇದೆಯಂತೆ. ನರದ ದೌರ್ಬಲ್ಯದಿಂದಲೋ ಮನಸ್ಸಿನ ಒತ್ತಡದಿಂದಲೋ ಕೆಡುವ ಹೊಟ್ಟೆ ಸಾಮಾನ್ಯವಾಗಿ ರಾತ್ರಿ ಮಲಗಲು ಬಿಡುತ್ತದೆ. ಆಗ ಅದನ್ನು ಯಾರೂ ನನ್ನಲ್ಲಿ ಕೇಳಲಿಲ್ಲ.

ಮೊದಲು ಆಮಶಂಕೆ ಅಂದರು, ಅದರ ಮಾತ್ರೆ. ಜಂತುಹುಳದ ಮಾತ್ರೆ. ಗ್ಯಾಸ್ಟ್ರಿಕ್ ಅಂತ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್, ಅದು ವರ್ಷಗಟ್ಟಲೆ ನಡೆಯಿತು. ಆಮೇಲೆ ಹೊಟ್ಟೆಯ ಸ್ಪೆಷಲಿಸ್ಟರ ಹತ್ತಿರ ಹೋದೆವು. ಬಾಯಿಂದ ಕೊಳವೆ ಬಿಟ್ಟು ಎಂಡೋಸ್ಕೋಪಿ, ಕೆಳಗಿನಿಂದ ಕೊಲೊನೋಸ್ಕೋಪಿ. ಎರಡೂ ನಾರ್ಮಲ್. ಐಬಿಎಸ್, ಅಂದರೆ ರೋಗವೇನೂ ಕಾಣದೆ ಕೆಡುವ ಕರುಳು, ಅಂತ ಬರೆದುಕೊಟ್ಟರು. "ಟೆನ್ಶನ್ ಕಡಿಮೆ ಮಾಡ್ಕೊಳ್ಳಿ, ಯೋಗ ಮಾಡಿ" ಅಂದರು. ನಾರ್ಮಲ್ ಅನ್ನುವ ಕಾಗದ ಕೈಗೆ ಬಂದ ಮೇಲೆ ರೋಗಿಯ ಮಾತಿಗೆ ಬೆಲೆ ಇರುವುದಿಲ್ಲ. ಮನೆಯವರೂ ಒಳಗೊಳಗೇ ಇವರಿಗೆ ಕೆಲಸಕ್ಕೆ ಹೋಗುವ ಮನಸ್ಸಿಲ್ಲವೇನೋ ಅಂದುಕೊಳ್ಳುತ್ತಾರೆ. ಈಗ ನನಗೆ ತಿಳಿದಿರುವುದು ಇಷ್ಟು: ಬಾಯಿಂದ ಹೋಗುವ ಕೊಳವೆ ಸಣ್ಣ ಕರುಳಿನ ಬಾಗಿಲಲ್ಲೇ ನಿಲ್ಲುತ್ತದೆ. ಕೆಳಗಿನಿಂದ ಹೋಗುವುದು ದೊಡ್ಡ ಕರುಳು ಮುಗಿಸಿ, ಹೆಚ್ಚೆಂದರೆ ಸಣ್ಣ ಕರುಳಿನ ತುದಿಯನ್ನು ಇಣುಕುತ್ತದೆ. ನಡುವೆ ಸುಮಾರು ಆರು ಮೀಟರ್ ಸಣ್ಣ ಕರುಳು ಉಳಿಯುತ್ತದೆ. ನನ್ನ ಗಡ್ಡೆ ಇದ್ದದ್ದು ಅಲ್ಲಿ. ಎರಡು ರಿಪೋರ್ಟೂ ಸುಳ್ಳಲ್ಲ. ಅವು ನೋಡಿದ ಜಾಗ ನಾರ್ಮಲ್ ಆಗಿಯೇ ಇತ್ತು.

ಈ ನಡುವೆ ಮುಖ ಕೆಂಪಾಗಲು ಶುರುವಾಯಿತು. ಎದೆಯ ಮೇಲುಭಾಗದಿಂದ ಬಿಸಿ ಹತ್ತಿ ಕುತ್ತಿಗೆ, ಕೆನ್ನೆ, ಕಿವಿ, ಹಣೆಯವರೆಗೂ ಏರುತ್ತಿತ್ತು. ಸಂಜೆ ಬಿಸಿಲಲ್ಲಿ ನಿಂತವನ ಹಾಗೆ ಅಲ್ಲ, ಒಳಗಿನಿಂದಲೇ ಕಾದು ಬರುವ ಬಿಸಿ. ಕೆಲವು ನಿಮಿಷ ಇದ್ದು ಇಳಿಯುತ್ತಿತ್ತು. ಬೆವರು ಮಾತ್ರ ಬರುತ್ತಿರಲಿಲ್ಲ. ನಮ್ಮ ಕಪ್ಪು ಬಣ್ಣದಲ್ಲೂ ಕಾಣುವಷ್ಟು ಕಂದುಗೆಂಪು, ಕಣ್ಣೂ ಕೆಂಪು. ಖಾರದ ಸಾರು ಉಂಡರೆ ಬರುತ್ತಿತ್ತು, ಪ್ರಯಾಣಿಕರ ಜೊತೆ ಚಿಲ್ಲರೆಗೆ ಮಾತಿಗೆ ಮಾತು ಬೆಳೆದರೆ ಬರುತ್ತಿತ್ತು. ನಾನು ಹಬ್ಬ ಹರಿದಿನಕ್ಕೆ ಬಂಧುಗಳ ಜೊತೆ ಒಂದಿಷ್ಟು ಕುಡಿಯುತ್ತಿದ್ದವನು. ಗುಟುಕು ಒಳಗೆ ಹೋಗುತ್ತಲೇ ಮುಖ ಉರಿದು ತಲೆ ಸುತ್ತುತ್ತಿದ್ದುದರಿಂದ ಅದನ್ನು ಪೂರ್ತಿ ಬಿಟ್ಟಿದ್ದೆ. ಬಿಟ್ಟ ಮೇಲೆಯೇ ಕುಡುಕನೆಂಬ ಹೆಸರು ಬಂತು. ಒಬ್ಬ ಪ್ರಯಾಣಿಕರು ಕಂಡಕ್ಟರ್ ಕುಡಿದು ಡ್ಯೂಟಿಗೆ ಬಂದಿದ್ದಾನೆ ಎಂದು ದೂರು ಕೊಟ್ಟರು. ಮೆಷಿನ್ನಿಗೆ ಊದಿಸಿದರು, ಸೊನ್ನೆ ತೋರಿಸಿತು. ಕಾಗದದ ಮೇಲೆ ನಾನು ನಿರಪರಾಧಿಯಾದೆ. ಆದರೆ ಮುಖ ಎಲ್ಲರ ಎದುರೂ ದಿನವೂ ಕೆಂಪಾಗುತ್ತಲೇ ಇತ್ತು. ಮಗಳ ಸ್ಕೂಲಿನ ಮೀಟಿಂಗಿಗೆ ಹೋಗುವುದನ್ನೂ ಆ ವರ್ಷ ನಿಲ್ಲಿಸಿದೆ.

ಮುಖಕ್ಕೆ ಚರ್ಮದ ಡಾಕ್ಟರು. ಬಿಸಿಲಿಗೆ ಹೀಗಾಗುತ್ತದೆ ಅಂತ ಮುಲಾಮು ಕೊಟ್ಟರು. ಕೊನೆಕೊನೆಗೆ ಕುತ್ತಿಗೆ, ಮುಂಗೈ ಕಪ್ಪಾಗಿ ಒರಟಾಗಿ ಸುಲಿಯತೊಡಗಿತು, ಅದಕ್ಕೆ ಇನ್ನೊಂದು ಮುಲಾಮು. ಹೊಟ್ಟೆಯ ಡಾಕ್ಟರು ಮುಖದ ವಿಚಾರ ಕೇಳಲಿಲ್ಲ, ಚರ್ಮದ ಡಾಕ್ಟರು ಹೊಟ್ಟೆಯ ವಿಚಾರ ಕೇಳಲಿಲ್ಲ. ಅವರವರ ಚೀಟಿಯಲ್ಲಿ ಅವರವರ ಜಾಗದ ತೊಂದರೆ ಮಾತ್ರ ಇತ್ತು. ಒಂದೇ ಮೈಯನ್ನು ಹಂಚಿಕೊಂಡು ನೋಡುವ ಈ ಪದ್ಧತಿಯಲ್ಲಿ ನನ್ನಂಥ ಕಾಯಿಲೆ ಅಡಗಿ ಕೂರಲು ಬೇಕಾದಷ್ಟು ಸಂದು ಇರುತ್ತದೆ.

ತೂಕ ಇಳಿಯತೊಡಗಿದಾಗ ಟಿಬಿ ಮಾತು ಬಂತು. ಅಲ್ಟ್ರಾಸೌಂಡಿನಲ್ಲಿ ಹೊಟ್ಟೆಯೊಳಗಿನ ದುಗ್ಧಗ್ರಂಥಿ ಊದಿದಂತೆ ಕಂಡಿತ್ತು. ಭೇದಿ, ತೂಕ ಇಳಿತ, ಊದಿದ ಗ್ರಂಥಿ. ನಮ್ಮ ದೇಶದಲ್ಲಿ ಈ ಮೂರು ಸೇರಿದರೆ ಡಾಕ್ಟರಿಗೆ ಮೊದಲು ನೆನಪಾಗುವುದು ಕರುಳಿನ ಟಿಬಿ. ಆರು ತಿಂಗಳ ಮಾತ್ರೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತಿತ್ತು, ವಾಕರಿಕೆ, ಬಾಯಿಗೆ ರುಚಿ ಇಲ್ಲ. ಮನೆಯಲ್ಲಿ ನನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡೆ. ಕರುಳಿನ ಟಿಬಿ ಹಾಗೆ ಹರಡುವುದಿಲ್ಲ ಅಂತ ಹೇಳಿದ್ದರೂ ಮಗಳು ಹತ್ತಿರ ಬಂದರೆ ಮುಖ ತಿರುಗಿಸುತ್ತಿದ್ದೆ. ಆ ಔಷಧಿ ಶುರು ಮಾಡಿದ್ದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಟಿಬಿ ಇದ್ದು ಔಷಧಿ ಕೊಡದಿದ್ದರೆ ಜನ ಸಾಯುತ್ತಾರೆ. ನನಗೆ ಇಂದಿಗೂ ನೋಯುವುದು ಮುಂದಿನದ್ದು. ಆರು ತಿಂಗಳು ಮುಗಿದು ಏನೂ ವಾಸಿಯಾಗದೆ ಹೋದಾಗ, ಹಾಗಾದರೆ ಇದು ಟಿಬಿ ಅಲ್ಲವೇನೋ ಅನ್ನುವ ಪ್ರಶ್ನೆ ಏಳಬೇಕಿತ್ತು. ಅದು ಏಳಲಿಲ್ಲ. "ಕೋರ್ಸ್ ಮುಗಿದಿದೆ, ಟಿಬಿ ಗುಣವಾಗಿದೆ, ಉಳಿದದ್ದು ಐಬಿಎಸ್" ಅಂದರು. ಮತ್ತೆ ಮೊದಲಿದ್ದ ಜಾಗಕ್ಕೇ ಬಂದು ನಿಂತೆ.

2017ರ ಕೊನೆಯಲ್ಲಿ, ಒಂದು ರಾತ್ರಿ ಹೊಟ್ಟೆ ಉಬ್ಬಿ ಕಲ್ಲಿನಂತಾಯಿತು. ವಾಂತಿ ನಿಲ್ಲಲಿಲ್ಲ. ಬೆಂಗಳೂರಿನ ಒಂದು ಆಸ್ಪತ್ರೆಗೆ ಒಯ್ದರು. ಕರುಳು ಕಟ್ಟಿಕೊಂಡಿದೆ ಅಂತ ಮೂಗಿನಿಂದ ನಳಿಕೆ ಹಾಕಿ ವಾರ್ಡಿನಲ್ಲಿ ಮಲಗಿಸಿದರು. ಬೆಳಗಿನ ಜಾವ, ಇನ್ನೂ ಮುಂದಕ್ಕೆ ಓದುತ್ತಿದ್ದ ಡಾಕ್ಟರೊಬ್ಬರು ಬಂದರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹೊಟ್ಟೆ ಒತ್ತಿ ನೋಡುತ್ತಾ ಬಲಪಕ್ಕೆಯ ಕೆಳಗೆ ಕೈ ಇಟ್ಟು ಅದುಮಿದರು. ಅವರ ಕಣ್ಣೆದುರೇ ನನ್ನ ಮುಖ ಕೆಂಪೇರಿತು. ಅವರು ಕೈ ತೆಗೆಯದೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಯಾವಾಗಲೂ ಹೀಗೆ ಕೆಂಪಾಗತ್ತಾ?"

"ಹೌದು ಮೇಡಂ. ಅದು ಬಿಸಿಲಿಂದು. ಅದಕ್ಕೆ ಬೇರೆ ಡಾಕ್ಟ್ರು ಮುಲಾಮು ಕೊಟ್ಟಿದಾರೆ."

"ಕೆಂಪಾದಾಗ ಹೊಟ್ಟೆನೂ ಕೆಡತ್ತಾ?"

ನಾನು ಯೋಚಿಸುವಷ್ಟರಲ್ಲಿ ಪಕ್ಕದಲ್ಲಿದ್ದ ನನ್ನ ಹೆಂಡತಿ ಹೇಳಿದಳು. "ಎರಡೂ ಜೊತೆಗೇ ಬರತ್ತೆ ಮೇಡಂ. ಇವರ ಮುಖ ನೋಡಿದ್ರೇ ನಂಗೆ ಗೊತ್ತಾಗತ್ತೆ, ಇನ್ನೇನು ಎದ್ದು ಓಡ್ತಾರೆ ಅಂತ."

ಅಷ್ಟು ವರ್ಷದ ಚೀಟಿಗಳಲ್ಲಿ ಇಲ್ಲದ ಸಂಗತಿ ಅವಳಿಗೆ ಗೊತ್ತಿತ್ತು, ಅವಳನ್ನು ಕೇಳಿದವರೇ ಇರಲಿಲ್ಲ. ಆ ಡಾಕ್ಟರು ಕುರ್ಚಿ ಎಳೆದುಕೊಂಡು ಕೂತು ಮೊದಲಿನಿಂದ ಎಲ್ಲವನ್ನೂ ಬರೆದುಕೊಂಡರು. ರಾತ್ರಿ ಭೇದಿ, ಉಪವಾಸವಿದ್ದರೂ ಭೇದಿ, ಬೆವರಿಲ್ಲದ ಬಿಸಿ, ಕುಡಿದರೆ ಹೆಚ್ಚು, ಕುತ್ತಿಗೆಯ ಕಪ್ಪು. ಸಿಟಿ ಸ್ಕ್ಯಾನಿನಲ್ಲಿ ಕರುಳಿಗೆ ರಕ್ತ ಒಯ್ಯುವ ಪೊರೆಯ ನಡುವೆ ಒಂದು ಗಂಟು ಕಂಡಿತು, ಅಲ್ಲಲ್ಲಿ ಸುಣ್ಣ ಕಟ್ಟಿತ್ತು. ಆ ಗಂಟು ಸುತ್ತಲಿನ ಪೊರೆಯನ್ನು ಸುರುಟಿ ಕರುಳನ್ನು ಎಳೆದು ಮಡಚಿತ್ತು. ಊಟವಾದ ಮೇಲೆ ಬರುತ್ತಿದ್ದ ಆ ಹಳೆಯ ನೋವು ಇದರದ್ದೇ. ಲಿವರಿನಲ್ಲೂ ಹಲವು ಗಂಟು.

ರಕ್ತದಲ್ಲಿ ಕ್ರೋಮೋಗ್ರಾನಿನ್ ಎ ಅನ್ನುವುದನ್ನು ನೋಡಬೇಕಿತ್ತು. ಪ್ಯಾಂಟೊಪ್ರಜೋಲ್ ನುಂಗುವವರಲ್ಲಿ ಅದು ತಾನಾಗಿಯೇ ಏರಿರುತ್ತದೆ, ಲೆಕ್ಕ ತಪ್ಪುತ್ತದೆ ಅಂತ ಎರಡು ವಾರ ಆ ಮಾತ್ರೆ ನಿಲ್ಲಿಸಿ ಆಮೇಲೆ ರಕ್ತ ತೆಗೆದರು. ಮೂತ್ರದ ಪರೀಕ್ಷೆಗೆ ಇಡೀ ಇಪ್ಪತ್ನಾಲ್ಕು ಗಂಟೆಯದ್ದನ್ನು ದೊಡ್ಡ ಕ್ಯಾನಿನಲ್ಲಿ ಹಿಡಿದಿಡಬೇಕು, ಒಳಗೆ ಸ್ವಲ್ಪ ಆಸಿಡ್ ಹಾಕಿರುತ್ತಾರೆ. ಅದಕ್ಕೆ ಮೂರು ದಿನ ಮೊದಲಿಂದ ಬಾಳೆಹಣ್ಣು, ಅನಾನಸ್, ಟೊಮೆಟೊ, ಬದನೆಕಾಯಿ, ಅಕ್ರೋಟ್ ಏನೂ ತಿನ್ನಬಾರದು. ಈ ಗಡ್ಡೆ ಸುರಿಸುವ ಸೆರೊಟೋನಿನ್ ಅನ್ನುವ ಹಾರ್ಮೋನು ಅವುಗಳಲ್ಲೂ ಇರುವುದರಿಂದ ಇಲ್ಲದ ಕಾಯಿಲೆ ಇದ್ದಂತೆ ತೋರಿಸುತ್ತದೆ. ಹತ್ತಕ್ಕಿಂತ ಕೆಳಗಿರಬೇಕಾದ ಅಂಕಿ ನನ್ನಲ್ಲಿ ನೂರರ ಹತ್ತಿರ ಬಂತು. ಕೊನೆಗೆ ಲಿವರಿನಿಂದ ಸೂಜಿಯಲ್ಲಿ ಚೂರು ತೆಗೆದು ಬಯಾಪ್ಸಿ ಮಾಡಿದರು. ಅದು ನಿಶ್ಚಯ ಹೇಳಿತು.

ಹಿರಿಯ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ವಿವರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಈ ಗಡ್ಡೆ ಹುಟ್ಟುವುದು ಕರುಳಿನಲ್ಲಿ ಹಾರ್ಮೋನ್ ತಯಾರಿಸುವ ಕೋಶಗಳಿಂದ. ಗಡ್ಡೆಯೂ ಸೆರೊಟೋನಿನ್ ಮುಂತಾದವನ್ನು ಸುರಿಸುತ್ತಲೇ ಇರುತ್ತದೆ. ಕರುಳಿನ ರಕ್ತವೆಲ್ಲ ಮೊದಲು ಲಿವರಿಗೆ ಹೋಗುವುದರಿಂದ ಲಿವರ್ ಅದನ್ನು ಒಡೆದುಹಾಕುತ್ತದೆ, ಮೈಗೆ ಏನೂ ಗೊತ್ತಾಗುವುದಿಲ್ಲ. ಗಡ್ಡೆ ಲಿವರಿಗೇ ಬಂದು ಕೂತಾಗ ಆ ಕಾವಲು ತಪ್ಪಿ ಹಾರ್ಮೋನು ನೇರ ರಕ್ತಕ್ಕೆ ಬೀಳುತ್ತದೆ. ಮುಖ ಕೆಂಪು, ಭೇದಿ ಎಲ್ಲ ಅಲ್ಲಿಂದ. ಅಂದರೆ ಬಸ್ಸಿನಲ್ಲಿ ಮುಖ ಮೊದಲ ಸಲ ಕೆಂಪಾದಾಗಲೇ ಕಾಯಿಲೆ ಬಹುಶಃ ಲಿವರ್ ಮುಟ್ಟಿತ್ತು. ಸೆರೊಟೋನಿನ್ ತಯಾರಾಗುವುದು ಟ್ರಿಪ್ಟೊಫ್ಯಾನ್ ಅನ್ನುವ ಪದಾರ್ಥದಿಂದ. ಅದರಿಂದಲೇ ಮೈ ನಯಾಸಿನ್ ಅನ್ನುವ ವಿಟಮಿನ್ನನ್ನೂ ಮಾಡಿಕೊಳ್ಳಬೇಕು. ಗಡ್ಡೆ ಎಲ್ಲವನ್ನೂ ಬಳಸಿಕೊಂಡರೆ ವಿಟಮಿನ್ ಕೊರತೆಯಾಗಿ ಬಿಸಿಲು ಬೀಳುವ ಕಡೆ ಚರ್ಮ ಕಪ್ಪಾಗಿ ಸುಲಿಯುತ್ತದೆ. ನನ್ನ ಕುತ್ತಿಗೆ, ಮುಂಗೈಗೆ ಬೇಕಿದ್ದದ್ದು ಸಾಧಾರಣ ವಿಟಮಿನ್ ಮಾತ್ರೆ. ಕೆಲವೇ ವಾರದಲ್ಲಿ ಚರ್ಮ ತಿಳಿಯಾಯಿತು.

ಬಯಾಪ್ಸಿಯಲ್ಲಿ ಕೆಐ-67 ಅನ್ನುವ ಒಂದು ಅಂಕಿ ಇರುತ್ತದೆ. ನೂರು ಕೋಶದಲ್ಲಿ ಎಷ್ಟು ಬೆಳೆಯುವ ಭರದಲ್ಲಿವೆ ಅನ್ನುವುದರ ಲೆಕ್ಕ. 3ಕ್ಕಿಂತ ಕಡಿಮೆ ಇದ್ದರೆ ಮೊದಲ ಗ್ರೇಡು, 3ರಿಂದ 20ರವರೆಗೆ ಎರಡನೆಯದು, ಅದಕ್ಕೂ ಮೇಲಾದರೆ ಮೂರನೆಯದು. ನನ್ನ ಅಂಕಿ 2, ಅಂದರೆ ಮೊದಲ ಗ್ರೇಡು. "ಇದು ಕ್ಯಾನ್ಸರೇ, ಆದರೆ ಬಹಳ ನಿಧಾನದ್ದು. ಪೂರ್ತಿ ತೆಗೆದುಹಾಕೋಕೆ ಆಗಲ್ಲ, ಹಿಡಿತದಲ್ಲಿ ಇಟ್ಟುಕೊಂಡು ವರ್ಷಗಟ್ಟಲೆ ಬದುಕಬಹುದು" ಅಂದರು. ಕೀಮೋ ಕೊಡುವುದಿಲ್ಲವೇ ಎಂದು ಹೆಂಡತಿ ಕೇಳಿದಳು. ಕೀಮೋ ಬೇಗ ಬೇಗ ಬೆಳೆಯುವ ಕೋಶವನ್ನು ಕೊಲ್ಲುವ ಔಷಧಿ, ಇಷ್ಟು ನಿಧಾನದ ಗಡ್ಡೆಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ ಅಂದರು. ಈ ನಿಧಾನವೇ ಹಿಂದೆ ವೈದ್ಯರನ್ನೂ ಮೋಸಗೊಳಿಸಿತ್ತಂತೆ. ಇಂಥ ಗಡ್ಡೆಗಳನ್ನು 1907ರಲ್ಲಿ ಬೇರೆ ಗುಂಪಾಗಿ ಗುರುತಿಸಿದ ಜರ್ಮನಿಯ ಓಬರ್ನ್‌ಡಾರ್ಫರ್ ಅವರು ಮೊದಲು ಇವು ಅಪಾಯವಿಲ್ಲದವು ಎಂದೇ ತಿಳಿದಿದ್ದರು. 1929ರಲ್ಲಿ ತಾವೇ ತಿದ್ದಿ, ಇವು ಹರಡಬಲ್ಲವು ಎಂದು ಬರೆದರು.

ಬಯಾಪ್ಸಿ ಆದ ಮೇಲೆ ಗ್ಯಾಲಿಯಂ ಸ್ಕ್ಯಾನ್. ಈ ಗಡ್ಡೆಯ ಕೋಶಗಳ ಮೈಮೇಲೆ ಸೊಮ್ಯಾಟೊಸ್ಟಾಟಿನ್ ಅನ್ನುವ ಹಾರ್ಮೋನನ್ನು ಹಿಡಿಯುವ ಕೊಂಡಿಗಳಿರುತ್ತವೆ. ಆ ಹಾರ್ಮೋನಿನಂಥದ್ದೇ ಒಂದು ವಸ್ತುವಿಗೆ ಗ್ಯಾಲಿಯಂ-68 ಅಂಟಿಸಿ ರಕ್ತಕ್ಕೆ ಬಿಟ್ಟರೆ ಅದು ಹೋಗಿ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ, ಸ್ಕ್ಯಾನಿನಲ್ಲಿ ಉರಿಯುವಂತೆ ಕಾಣುತ್ತದೆ. ಗ್ಯಾಲಿಯಮ್ಮಿನ ಶಕ್ತಿ 68 ನಿಮಿಷಕ್ಕೆ ಅರ್ಧವಾಗುವುದರಿಂದ ಆಸ್ಪತ್ರೆಯಲ್ಲೇ ತಯಾರಿಸಿ ಕೂಡಲೇ ಕೊಡಬೇಕು. ಚಿತ್ರದಲ್ಲಿ ಕರುಳಿನ ಆ ಮೂಲ ಗಡ್ಡೆ ಮೊದಲ ಸಲ ಕಂಡಿತು. ನನಗೆ ಆಗ ಅಳು ಬಂತು. ಹೆದರಿಕೆಯಿಂದ ಅಲ್ಲ. ಕಾಯಿಲೆ ಇದೆ ಅಂತ ಹೇಳುವ ಒಂದು ಚಿತ್ರ ಕೊನೆಗೂ ಕೈಯಲ್ಲಿತ್ತು.

ದುಡ್ಡಿನ ಕಥೆ ಚುಟುಕಾಗಿ ಹೇಳುತ್ತೇನೆ. ಪಿಎಫ್ ಸಾಲ, ಸೊಸೈಟಿ ಸಾಲ, ಹೆಂಡತಿಯ ಬಳೆ, ಭಾವಮೈದುನ ತೋಟದ ಮೆಣಸು ಮಾರಿ ಕೊಟ್ಟ ಹಣ. ಆಫೀಸಿನಿಂದ ಬರಬೇಕಾದದ್ದು ತಡವಾಗಿಯಾದರೂ ಬಂತು.

2018ರ ಆರಂಭದಲ್ಲಿ ಆಪರೇಷನ್. ಲಿವರಿನದ್ದು ಉಳಿದರೂ ಪರವಾಗಿಲ್ಲ, ಕರುಳು ಕಟ್ಟಿಕೊಳ್ಳುತ್ತಿರುವುದನ್ನು ಬಿಡಿಸಬೇಕು ಅಂತ ನಿರ್ಧಾರವಾಯಿತು. ಹಿಂದಿನ ದಿನ ಅರಿವಳಿಕೆ ಡಾಕ್ಟರು ಬಂದು ಬಹಳ ಹೊತ್ತು ಮಾತಾಡಿದರು. ಅರಿವಳಿಕೆ ಕೊಟ್ಟಾಗ ಅಥವಾ ಗಡ್ಡೆಯನ್ನು ಕೈಯಲ್ಲಿ ಮುಟ್ಟಿದಾಗ ಹಾರ್ಮೋನು ಒಟ್ಟಿಗೇ ರಕ್ತಕ್ಕೆ ಸುರಿದು ಬಿಪಿ ಕುಸಿಯಬಹುದು, ಅದಕ್ಕಾಗಿ ಆಕ್ಟ್ರಿಯೋಟೈಡ್ ಅನ್ನುವ ಔಷಧಿಯನ್ನು ಮುಂಚೆಯಿಂದಲೇ ಡ್ರಿಪ್ಪಿನಲ್ಲಿ ಹರಿಸುತ್ತಿರುತ್ತೇವೆ ಅಂದರು. ಹೃದಯದ ಎಕೋ ಕೂಡ ಮಾಡಿಸಿದ್ದರು. ಲಿವರಿನಿಂದ ಹೊರಟ ಹಾರ್ಮೋನು ಮೊದಲು ಮುಟ್ಟುವುದು ಹೃದಯದ ಬಲಭಾಗವನ್ನು, ಅಲ್ಲಿನ ಕವಾಟಗಳು ಕಾಲಕ್ರಮೇಣ ಬಿಗಿದುಕೊಂಡು ಸೋರಲು ಶುರುವಾಗುತ್ತವೆ. ನನ್ನಲ್ಲಿ ಆ ಸೋರಿಕೆ ಅಲ್ಪ ಇತ್ತು. ಇಂದಿಗೂ ವರ್ಷಕ್ಕೊಮ್ಮೆ ಎಕೋ ನೋಡುತ್ತಾರೆ. ಸಣ್ಣ ಕರುಳಿನ ಕೊನೆಯ ಭಾಗ, ಗಂಟಿದ್ದ ಪೊರೆ, ಜೊತೆಗೆ ಪಿತ್ತಕೋಶ ಎಲ್ಲ ತೆಗೆದರು. ಮುಂದೆ ತೆಗೆದುಕೊಳ್ಳಬೇಕಾದ ಇಂಜೆಕ್ಷನ್ನಿನಿಂದ ಪಿತ್ತಕೋಶದಲ್ಲಿ ಕಲ್ಲಾಗುವುದರಿಂದ ಒಟ್ಟಿಗೇ ತೆಗೆಯುವುದು ಒಳ್ಳೆಯದಂತೆ. ಬಿ12 ಹೀರಿಕೊಳ್ಳುವ ಜಾಗವೇ ಹೋದದ್ದರಿಂದ ಆ ಇಂಜೆಕ್ಷನ್ನು ಜೀವಮಾನಕ್ಕೆ ಸೇರಿಕೊಂಡಿತು. ಹೊಲಿಗೆ ಒಣಗಿ ಮನೆಗೆ ಬಂದು ಮೊದಲ ಸಲ ಮುದ್ದೆ ಉಂಡ ದಿನ, ಒಂದು ಗಂಟೆಯ ನಂತರ ಬರಬೇಕಾದ ನೋವಿಗೆ ಕಾದು ಕೂತಿದ್ದೆ. ಬರಲಿಲ್ಲ. ಹೆಂಡತಿಯೂ ಅಡುಗೆಮನೆಯಲ್ಲಿ ಕಾಯುತ್ತಿದ್ದಳು ಅಂತ ಆಮೇಲೆ ಗೊತ್ತಾಯಿತು.

ನಾನು ಮನೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾಗಲೇ, 2018ರ ಮಾರ್ಚ್ 16ರಂದು, ನಟ ಇರ್ಫಾನ್ ಖಾನ್ ತಮಗೆ ನ್ಯೂರೋಎಂಡೋಕ್ರೈನ್ ಟ್ಯೂಮರ್ ಇದೆ ಎಂದು ತಿಳಿಸಿದರು. ಅದುವರೆಗೆ ನಾನು ಕಾಯಿಲೆಯ ಹೆಸರು ಹೇಳಿದರೆ ಎರಡನೇ ಸಲ ಕೇಳುತ್ತಿದ್ದ ಜನ ಅಂದಿನಿಂದ "ಆ ಹಿಂದಿ ಹೀರೋಗೆ ಬಂದಿರೋದಾ?" ಅನ್ನತೊಡಗಿದರು. ಹೆಸರು ಬಲ್ಲವರಿದ್ದಾರೆ ಅನ್ನುವುದೇ ಒಂದು ಧೈರ್ಯ. 2020ರ ಏಪ್ರಿಲ್ 29ರಂದು ಅವರು ತೀರಿಕೊಂಡ ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ಟಿವಿ ಆರಿಸಿದರು. ಮಗಳು ಡಾಕ್ಟರಿಗೆ ಫೋನ್ ಮಾಡಿದಳು. ಒಂದೇ ಹೆಸರಿದ್ದರೂ ಇದು ಒಂದೇ ಕಾಯಿಲೆಯಲ್ಲ, ಯಾವ ಅಂಗದಲ್ಲಿ ಹುಟ್ಟಿತು, ಯಾವ ಗ್ರೇಡು ಅನ್ನುವುದರ ಮೇಲೆ ಒಬ್ಬೊಬ್ಬರ ದಾರಿ ಬೇರೆ, ಇನ್ನೊಬ್ಬರ ಆಯಸ್ಸನ್ನು ನಿಮ್ಮ ತಂದೆಗೆ ಅಳೆಯಬೇಡಿ ಅಂದರಂತೆ.

ಇಂಜೆಕ್ಷನ್ನು 28 ದಿನಕ್ಕೊಮ್ಮೆ. ಅದೇ ಆಕ್ಟ್ರಿಯೋಟೈಡು, ನಿಧಾನವಾಗಿ ಕರಗುವ ರೂಪದಲ್ಲಿ. ಫ್ರಿಜ್ಜಿನಲ್ಲಿ ಇಡಬೇಕು. ಕೊಡುವ ಮುಂಚೆ ಹೊರಗಿಟ್ಟು ತಣುಪು ಹೋಗಲು ಬಿಡಬೇಕು. ಪುಡಿಯನ್ನು ದ್ರವದಲ್ಲಿ ಕಲಸಿದ ತಕ್ಷಣ ದಪ್ಪ ಸೂಜಿಯಲ್ಲಿ ಸೊಂಟದ ಕೆಳಗೆ ಆಳಕ್ಕೆ ಕೊಡಬೇಕು, ಸ್ವಲ್ಪ ತಡವಾದರೆ ಸೂಜಿಯಲ್ಲೇ ಕಟ್ಟಿಕೊಳ್ಳುತ್ತದೆ. ಹಾಸನದಲ್ಲಿ ಒಬ್ಬ ನರ್ಸಮ್ಮ ಇದನ್ನು ಕಲಿತುಕೊಂಡು ತಿಂಗಳು ತಪ್ಪದೆ ಕೊಡುತ್ತಾರೆ. ಮುಖದ ಬಿಸಿ ಬಹುಪಾಲು ಹೋಯಿತು, ಭೇದಿ ಹಿಡಿತಕ್ಕೆ ಬಂತು. ಲಾಕ್‌ಡೌನಿನಲ್ಲಿ ಬಸ್ಸುಗಳೇ ನಿಂತಾಗ ಬೆಂಗಳೂರಿನಿಂದ ಈ ಔಷಧಿ ತರಿಸುವುದು ಕಷ್ಟವಾಯಿತು. ನನ್ನ ಹಳೆಯ ಡ್ರೈವರ್ ಗೆಳೆಯ ತರಕಾರಿ ಲಾರಿಯವರನ್ನು ಹಿಡಿದು, ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ತುಂಬಿಸಿ ತರಿಸಿಕೊಟ್ಟ. ಆ ಹೊತ್ತಿಗೆ ನಾನು ಬಸ್ಸು ಬಿಟ್ಟು ಸ್ಟ್ಯಾಂಡಿನಲ್ಲಿ ಲೈಟ್ ಡ್ಯೂಟಿಯಲ್ಲಿದ್ದೆ. ಕೂತು ಕೆಲಸ, ಹತ್ತಿರದಲ್ಲೇ ಟಾಯ್ಲೆಟ್ಟು. ಈ ಸಣ್ಣ ಬದಲಾವಣೆಯಿಂದ ಸಿಕ್ಕ ನೆಮ್ಮದಿ ಯಾವ ಔಷಧಿಯಿಂದಲೂ ಸಿಕ್ಕಿರಲಿಲ್ಲ.

2021ರ ಸ್ಕ್ಯಾನಿನಲ್ಲಿ ಲಿವರಿನ ಗಂಟುಗಳು ದೊಡ್ಡದಾಗಿದ್ದವು. ಆಗ ಲುಟೀಶಿಯಂ ಚಿಕಿತ್ಸೆ ಅಂದರು. ಸ್ಕ್ಯಾನಿಗೆ ಬಳಸಿದ ಉಪಾಯವೇ, ಗ್ಯಾಲಿಯಂ ಬದಲು ಲುಟೀಶಿಯಂ-177. ಅದು ಕೊಂಡಿಗೆ ಸಿಕ್ಕಿಕೊಂಡು ಅಲ್ಲೇ ಕೂತು ವಿಕಿರಣದಿಂದ ಗಡ್ಡೆಯನ್ನು ಸುಡುತ್ತದೆ. ಇದು ನಮ್ಮ ದೇಶದಲ್ಲೇ, ಟ್ರಾಂಬೆಯ ಭಾಭಾ ಅಣುಸಂಶೋಧನಾ ಕೇಂದ್ರದ ಧ್ರುವ ರಿಯಾಕ್ಟರಿನಲ್ಲಿ ತಯಾರಾಗುತ್ತದೆ ಎಂದು ಕೇಳಿ ಹೆಮ್ಮೆಯಾಯಿತು. ಎರಡು ತಿಂಗಳಿಗೊಮ್ಮೆಯಂತೆ ನಾಲ್ಕು ಸಲ, ಒಂದೊಂದು ಸಲಕ್ಕೆ 200 ಮಿಲಿಕ್ಯೂರಿ. ಕಷ್ಟದ್ದೆಂದರೆ, ಅದಕ್ಕೆ ನಾಲ್ಕಾರು ವಾರ ಮೊದಲು ತಿಂಗಳ ಇಂಜೆಕ್ಷನ್ ನಿಲ್ಲಿಸಬೇಕು. ಇಲ್ಲದಿದ್ದರೆ ಕೊಂಡಿಗಳೆಲ್ಲ ಅದರಿಂದಲೇ ತುಂಬಿಕೊಂಡಿರುತ್ತವೆ. ಮರೆತಿದ್ದ ಬಿಸಿ, ಮರೆತಿದ್ದ ಭೇದಿ ಎಲ್ಲ ಮತ್ತೆ ಬಂದವು. ನಡುರಾತ್ರಿ ಎದ್ದು ಕೂತು, ಹಿಂದೆ ಅಷ್ಟು ವರ್ಷ ಇದನ್ನು ಹೇಗೆ ಸಹಿಸಿದೆ ಎಂದು ನನಗೇ ಅರ್ಥವಾಗುತ್ತಿರಲಿಲ್ಲ.

ಕೊಡುವ ದಿನ ಮೂತ್ರಪಿಂಡವನ್ನು ಕಾಪಾಡಲು ಅಮೈನೋ ಆಸಿಡ್ ಡ್ರಿಪ್ ಹಾಕುತ್ತಾರೆ. ಅದು ಒಳಗೆ ಹೋಗುತ್ತಲೇ ವಾಂತಿ. ಸೀಸ ಹಾಕಿದ ಬಾಗಿಲಿನ ಕೋಣೆಯಲ್ಲಿ ಒಬ್ಬನೇ ಇರಬೇಕು. ಊಟವನ್ನು ಬಾಗಿಲ ಬಳಿ ಇಟ್ಟು ಹೋಗುತ್ತಾರೆ, ಟಾಯ್ಲೆಟ್ಟಿಗೆ ಎರಡೆರಡು ಸಲ ನೀರು ಬಿಡಬೇಕು. ಒಬ್ಬರು ಮೀಟರು ಹಿಡಿದು ದೂರದಿಂದ ಅಳೆದು, ಅಂಕಿ ಇಳಿದ ಮೇಲೆಯೇ ಮನೆಗೆ ಕಳಿಸುತ್ತಾರೆ. ಮನೆಯಲ್ಲೂ ಕೆಲವು ದಿನ ಮಕ್ಕಳು, ಬಸುರಿಯರು ಹತ್ತಿರ ಬರಬಾರದು. ಮಗಳು ಆಗ ಚೊಚ್ಚಲ ಬಾಣಂತಿ. ಮೊಮ್ಮಗನನ್ನು ಕಿಟಕಿಯಿಂದ ತೋರಿಸುತ್ತಿದ್ದಳು. ನಾಲ್ಕು ಸಲ ಮುಗಿದ ಮೇಲೆ ಕೆಲವು ಗಂಟು ಕುಗ್ಗಿದ್ದವು, ಕೆಲವು ಹಾಗೇ ಇದ್ದವು, ಹೊಸದು ಇರಲಿಲ್ಲ. ಸ್ಟೇಬಲ್ ಎಂದು ಬರೆದರು. ಗುಣವಾಯಿತು ಎಂಬ ಮಾತನ್ನು ನಮ್ಮ ಡಾಕ್ಟರು ಬಳಸುವುದಿಲ್ಲ, ನಾನೂ ಕೇಳುವುದಿಲ್ಲ.

ಮಗಳು ಒಂದು ಹಾಳೆಯಲ್ಲಿ ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿ, ಲ್ಯಾಮಿನೇಟ್ ಮಾಡಿಸಿ ಕೊಟ್ಟಿದ್ದಾಳೆ. ಕಾಯಿಲೆಯ ಹೆಸರು, ಗ್ರೇಡು, ಯಾವ ಭಾಗ ತೆಗೆದಿದೆ, ಕೊನೆಯ ಇಂಜೆಕ್ಷನ್ ಯಾವತ್ತು, ಅರಿವಳಿಕೆ ಕೊಡುವ ಮುಂಚೆ ಯಾರಿಗೆ ಫೋನ್ ಮಾಡಬೇಕು. ಯಾವ ಡಾಕ್ಟರ ಹತ್ತಿರ ಹೋದರೂ, ಕಣ್ಣಿಗಾಗಲಿ ಮಂಡಿಗಾಗಲಿ, ಮೊದಲು ಆ ಹಾಳೆ ಕೊಟ್ಟು ಆಮೇಲೆ ಬಾಯಿ ತೆರೆಯುತ್ತೇನೆ. ಕೆಲವರು ಪಕ್ಕಕ್ಕಿಡುತ್ತಾರೆ. ಆಗ ಹೆಂಡತಿ ಅದನ್ನು ಎತ್ತಿ ಮತ್ತೆ ಅವರ ಮುಂದೆ ಇಡುತ್ತಾಳೆ.

ಹೋದ ಮಳೆಗಾಲದಲ್ಲಿ ದವಡೆ ಹಲ್ಲು ಕೀಳಿಸಬೇಕಾಯಿತು. ನಮ್ಮ ಊರಿನ ಹಲ್ಲಿನ ಡಾಕ್ಟರು ಹಾಳೆಯನ್ನು ಮೇಲಿಂದ ಕೆಳಗೆ ಓದಿದರು. ಸಿರಿಂಜಿಗೆ ಎಳೆದಿಟ್ಟಿದ್ದ ಔಷಧಿಯನ್ನು ಪಕ್ಕಕ್ಕಿಟ್ಟರು. ಮರಗಟ್ಟಿಸುವ ಆ ಔಷಧಿಯಲ್ಲಿ ಅಡ್ರಿನಲಿನ್ ಬೆರೆತಿರುತ್ತದೆ, ನನ್ನಂಥವರಲ್ಲಿ ಅದು ಹಾರ್ಮೋನನ್ನು ಕೆರಳಿಸಬಹುದು. ಅವರು ಹಾಳೆಯಲ್ಲಿದ್ದ ನಂಬರಿಗೆ ಫೋನ್ ಮಾಡಿ ಬೆಂಗಳೂರಿನ ಡಾಕ್ಟರ ಜೊತೆ ಮಾತಾಡಿದರು. ತಿಂಗಳ ಇಂಜೆಕ್ಷನ್ ಆದ ವಾರದಲ್ಲಿ ಬನ್ನಿ, ಅಡ್ರಿನಲಿನ್ ಇಲ್ಲದ್ದನ್ನು ತರಿಸಿಡುತ್ತೇನೆ ಅಂದರು. ಆ ವಾರ ಹೋದೆ. ಬಿಪಿ ನೋಡುತ್ತಲೇ ಕಿತ್ತರು. ಮುಖ ಕೆಂಪಾಗಲಿಲ್ಲ. ಸಂಜೆ ಡ್ಯೂಟಿಗೆ ಹೋದೆ.